ಮೂರನೇ ಚುಕ್ಕಿಗೆ ಕಾದ ಪೇಟಿ

ಪುಸ್ತಕದವರು ನನ್ನನ್ನು ಹಾರ್ಮೋನಿಯಂ ಅನ್ನುತ್ತಾರೆ. ಹುಬ್ಬಳ್ಳಿಯವರಿಗೆ ನಾನು ಪೇಟಿ. ಎರಡರಲ್ಲಿ ನನಗೆ ಪೇಟಿಯೇ ಇಷ್ಟ. ಪೇಟಿ ಅಂದರೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಏನಾದರೂ ಇಟ್ಟು ಹೋಗಬಹುದು. ನನ್ನೊಳಗೂ ಒಬ್ಬರು ಒಂದು ಧಾಟಿ ಇಟ್ಟು ಹೋದರು. ಅದನ್ನು ಇಷ್ಟು ವರ್ಷ ಕಾದುಕೊಂಡು ಕೂತ ಕತೆ ಇದು.

ನಾನು ಹುಟ್ಟಿದ್ದು ಮುಂಬಯಿಯಲ್ಲಿ, ಒಬ್ಬ ಕೊಂಕಣದ ಬಡಗಿಯ ಕೈಯಲ್ಲಿ. ಸಾಗುವಾನಿಯ ಹಲಗೆ, ಕುರಿಯ ಚರ್ಮದ ಅಂಚು, ಹಿತ್ತಾಳೆಯ ನಾಲಿಗೆಗಳು. ಬಡಗಿ ಒಂದೊಂದು ನಾಲಿಗೆಯನ್ನೂ ಅರದಿಂದ ತೀಡಿ ಕಿವಿಗೆ ಹಿಡಿದು, 'ಹ್ಞೂ, ಈಗ ಮಾತಾಡು' ಅನ್ನುತ್ತಿದ್ದ. ಹಿಂದೆ ತಿದಿ ಕೂಡಿಸಿ ಗಾಳಿ ಹಾಕಿದಾಗ ನಾನು ಮೊದಲ ಸಲ ಕೂಗಿದೆ. ಅಂದೇ ನನಗೆ ತಿಳಿಯಿತು, ನನ್ನದು ಅಂತ ಉಸಿರಿಲ್ಲ, ಯಾರಾದರೂ ಉಸಿರು ಕೊಟ್ಟರೆ ಮಾತ್ರ ನನಗೆ ದನಿ.

ಅಲ್ಲಿಂದ ನನ್ನನ್ನು ಒಂದು ನಾಟಕ ಕಂಪನಿ ಕೊಂಡಿತು. ರಾಜ ಅತ್ತಾಗ ನಾನೂ ಅಳಬೇಕು, ಹಾಸ್ಯಗಾರ ಬಿದ್ದಾಗ ನಾನೂ ಬೀಳಬೇಕು. ಊರೂರು ತಿರುಗಿದೆ. ಆಮೇಲೆ ಸಿನಿಮಾ ಬಂತು, ತಂಬುವಿನ ಮುಂದಿನ ಕುರ್ಚಿಗಳು ಖಾಲಿಯಾದವು. ಹುಬ್ಬಳ್ಳಿಯಲ್ಲಿ ಕಂಪನಿ ಮುರಿದು ಬಿತ್ತು. ಆ ಹೊತ್ತಿಗೆ ನನ್ನ ಒಂದು ನಾಲಿಗೆಯೂ ಮುರಿದಿತ್ತು. ಪೇಟಿ ಮಾಸ್ತರರು ನನ್ನನ್ನು ರೈಲ್ವೆ ವರ್ಕ್‌ಶಾಪಿನ ಒಬ್ಬ ಫಿಟ್ಟರನ ಹತ್ತಿರ ರಿಪೇರಿಗೆ ಒಯ್ದರು. ಅವನು ರಿಪೇರಿ ಮಾಡಿ, ಸರಿ ಆಯ್ತೋ ಇಲ್ಲವೋ ನೋಡಲು ನಾಲ್ಕು ಸ್ವರ ಬಾರಿಸಿದ. ಮಾಸ್ತರರು ಸುಮ್ಮನೆ ಕೇಳಿದರು. ಆಮೇಲೆ, 'ಇಟ್ಕೋರಿ. ನಮಗಿನ್ನು ಆಟ ಇಲ್ಲ' ಅಂತ ಹೇಳಿ ತಿರುಗಿ ನೋಡದೆ ನಡೆದುಬಿಟ್ಟರು.

ಆ ಫಿಟ್ಟರನ ಹೆಸರು ಹಾಯಮ್ ಪೇಣಕರ.

ಹಾಯಮನದು ಯಹೂದಿ ಮನೆತನ. ಕೊಂಕಣದ ಪೇಣದಿಂದ ಅವನ ಅಜ್ಜ ರೈಲ್ವೆಯ ಕೆಲಸಕ್ಕೆ ಬಂದು ಹುಬ್ಬಳ್ಳಿಯಲ್ಲೇ ನೆಲೆ ನಿಂತಿದ್ದ. ಅವರ ಹಿಂದಿನವರೆಲ್ಲ ಕೊಂಕಣದಲ್ಲಿ ಗಾಣ ಆಡಿಸಿ ಎಣ್ಣೆ ತೆಗೆಯುವವರು. ಶನಿವಾರ ಅವರಿಗೆ ಕೆಲಸ ಮುಟ್ಟಬಾರದ ದೇವರ ದಿನ, ಅಂದು ಮಾತ್ರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಅಲ್ಲಿಯ ಮಂದಿ ಅವರಿಗೆ 'ಶನಿವಾರ ತೇಲಿ' ಅಂತ ಹೆಸರಿಟ್ಟಿದ್ದರಂತೆ, ಅಂದರೆ ಶನಿವಾರದ ಗಾಣಿಗರು. ಗಾಣ ಹೋಗಿ ಎಂಜಿನ್ ಬಂದರೂ ಶನಿವಾರ ಮಾತ್ರ ಹೋಗಲಿಲ್ಲ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಹಾಯಮ್ ನನ್ನ ಮೇಲೆ ಒಂದು ಹಸಿರು ಬಟ್ಟೆ ಹೊದಿಸುತ್ತಿದ್ದ. ಶನಿವಾರ ಸಂಜೆ ಆಕಾಶದಲ್ಲಿ ಮೂರು ಚುಕ್ಕಿ ಕಂಡರೆ ಆ ದಿನ ಮುಗಿದಂತೆ, ಆಮೇಲೆಯೇ ಬಟ್ಟೆ ತೆಗೆಯುವುದು. ಬಾಯಿಂದ ಹಾಡಬಹುದು, ಕೈಯಿಂದ ಬಾರಿಸುವ ಹಾಗಿಲ್ಲ. ನಾಟಕದವರ ಕೈಯಲ್ಲಿ ಒಂದು ದಿನವೂ ಬಿಡುವು ಕಾಣದ ನನಗೆ ಮೊದಮೊದಲು ಸುಖವೆನಿಸಿತು. ಆಮೇಲೆ ಬಟ್ಟೆಯ ಕೆಳಗಿನ ಆ ಹಸಿರು ಕತ್ತಲಲ್ಲಿ ಅವನ ಬೆರಳಿಗೆ ಕಾಯುವುದೇ ನನ್ನ ಶನಿವಾರವಾಯಿತು.

ವರ್ಕ್‌ಶಾಪಿನಲ್ಲಿ ಶನಿವಾರ ರಜೆ ಯಾರು ಕೊಡುತ್ತಾರೆ? ಅದಕ್ಕೊಂದು ಒಪ್ಪಂದವಿತ್ತು. ಜೊತೆಯ ಫಿಟ್ಟರ್ ದೇವಪುತ್ರ ಕನ್ನಡ ಕ್ರೈಸ್ತ. 'ನಿನ್ನ ಶನಿವಾರ ನನಗ, ನನ್ನ ಐತವಾರ ನಿನಗ' ಅಂತ ಇಬ್ಬರೂ ಪಾಳಿ ಬದಲಾಯಿಸಿಕೊಂಡಿದ್ದರು. ಒಬ್ಬ ದೇವರ ಕಡೆ ಹೋದಾಗ ಇನ್ನೊಬ್ಬ ಎಂಜಿನ್ನಿನ ಕೆಳಗೆ ಮಲಗಿರುತ್ತಿದ್ದ. ಈ ಗೆಳೆತನದಿಂದಲೇ ಹಾಯಮ್ ಪ್ರತಿ ವರ್ಷ ಕ್ರಿಸ್ಮಸ್ ಹಾಡಿನ ಮೇಳಕ್ಕೆ ಪೇಟಿ ಬಾರಿಸಲು ಹೋಗತೊಡಗಿದ. ನನಗೊಂದು ಬೆಲ್ಟು ಹಾಕಿ ಕೊರಳಿಗೆ ತೂಗಿಕೊಂಡು ಮನೆಮನೆಯ ಮುಂದೆ ನಿಲ್ಲುತ್ತಿದ್ದ.

ಇನ್ನು ಮನೆಯ ಮಾತು. ಹಾಯಮನ ಹೆಂಡತಿ ಸೆಗುಲಾಬಾಯಿ. ಕೈಯೂ ಚುರುಕು, ನಾಲಿಗೆಯೂ ಚುರುಕು. ಹರಕೆ ತೀರಿದಾಗ ಅವಲಕ್ಕಿ, ಬೆಲ್ಲ, ಕೊಬ್ಬರಿ ಕಲೆಸಿ ಮಲೀದಾ ಮಾಡಿ ಓಣಿಗೆಲ್ಲ ಹಂಚುತ್ತಿದ್ದಳು. 'ಮಾದಲಿ ಭಾಳ ಚಲೋ ಆಗೇತಿ ಬಾಯಾರ' ಅಂತ ನೆರೆಯವಳು ಅಂದರೆ, 'ಮಾದಲಿ ಅಲ್ಲವ್ವಾ, ಮಲೀದಾ. ಮೊದಲು ಹೆಸರು ಸರಿ ಹೇಳು, ಆಮ್ಯಾಲ ಎರಡನೇ ತುತ್ತು ತಿನ್ನು' ಅನ್ನುತ್ತಿದ್ದಳು. ಮನೆಯಲ್ಲಿ ಮಕ್ಕಳಿರಲಿಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ. ಆದರೆ ಆಡದ ಆ ಮಾತು ನನ್ನ ಮೂಲಕವೇ ಹಾದು ಹೋಗುತ್ತಿತ್ತು.

ಹೇಗೆಂದರೆ, ಹಾಯಮನ ತಾಯಿಯದೊಂದು ಧಾಟಿಯಿತ್ತು. ಶನಿವಾರ ಮುಸ್ಸಂಜೆ ಎಲಿಯಾಹು ಪ್ರವಾದಿ ಬಂದಾನು, ಒಳ್ಳೆಯ ಸುದ್ದಿ ತಂದಾನು ಅಂತ ಆಕೆ ಹೊಸ್ತಿಲಲ್ಲಿ ನಿಂತು ಮರಾಠಿಯಲ್ಲಿ ಹಾಡುತ್ತಿದ್ದಳು. ನನ್ನ ಕರಿ ಪಟ್ಟಿಗಳಷ್ಟೇ ಸಾಕು, ಐದು ಸ್ವರದ ಧಾಟಿ. ತಾಯಿ ಎರಡು ಸಾಲು ಹಾಡಿ ನಿಲ್ಲಬೇಕು. ಮೂರನೇ ಸಾಲನ್ನು ಒಳಗಿನಿಂದ ಮನೆಯ ಮಕ್ಕಳು ಕೂಗಿ ಹೇಳಬೇಕು. ಅದು ಆ ಮನೆಯ ಪದ್ಧತಿ. ಸೆಗುಲಾಬಾಯಿ ಸೊಸೆಯಾಗಿ ಬರುವ ಮುಂಚೆಯೇ ಆ ತಾಯಿ ತೀರಿಕೊಂಡಿದ್ದಳು. ಈಗ ಹಾಯಮ್ ಶನಿವಾರ ಚುಕ್ಕಿ ಎಣಿಸಿ, ಬಟ್ಟೆ ತೆಗೆದು ಆ ಎರಡು ಸಾಲು ಬಾರಿಸುತ್ತಿದ್ದ. ಆಮೇಲೆ ಒಂದೇ ಸ್ವರವನ್ನು ಒತ್ತಿ ಹಿಡಿದು ಕೂರುತ್ತಿದ್ದ. ನಾನು ಉಸಿರು ತೀರುವ ತನಕ ಆ ಸ್ವರ ಎಳೆಯುತ್ತಿದ್ದೆ. ಒಳಗಿನಿಂದ ಯಾವ ದನಿಯೂ ಬರುತ್ತಿರಲಿಲ್ಲ. ಅವನು ಮೆಲ್ಲಗೆ ತಿದಿ ಮುಚ್ಚುತ್ತಿದ್ದ. ಆ ಸ್ವರ ಶುರುವಾಗುವ ಹೊತ್ತಿಗೆ ಸರಿಯಾಗಿ ಸೆಗುಲಾಬಾಯಿ ಅಡಿಗೆಮನೆಗೆ ಹೋಗಿ ನೀರಿನ ಕೊಡ ಸರಿಸುತ್ತಿದ್ದಳು. ಕೊಡ ಕಲ್ಲಿಗೆ ಉಜ್ಜಿದ ಸದ್ದೇ ನಮ್ಮ ಮೂರನೇ ಸಾಲಾಗಿತ್ತು.

ಒಂದು ವರ್ಷ ಕ್ರಿಸ್ಮಸ್ಸಿನ ಹಿಂದಿನ ದಿನ ಶನಿವಾರ ಬಂತು. ಹೊತ್ತು ಮುಳುಗುವ ಮುಂಚೆಯೇ ಹಾಡಿನ ಮೇಳ ಹೊರಡಬೇಕು, ಪೇಟಿಯವನಿಗೆ ಚುಕ್ಕಿ ಮೂಡುವ ತನಕ ನನ್ನನ್ನು ಮುಟ್ಟುವಂತಿಲ್ಲ. ಪಾಸ್ಟರ್ ಹಾದಿಮನಿಯವರು ಮೇಳವನ್ನೆಲ್ಲ ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದರು. ದೇವಪುತ್ರ ಬಂದ. ಅವನ ಮಗಳು ಜೀವರತ್ನ ಬಂದಳು. ರೈಲ್ವೆ ದವಾಖಾನೆಯ ನರ್ಸು, ಮೇಳದಲ್ಲಿ ಎಲ್ಲರಿಗಿಂತ ಒಳ್ಳೆಯ ಕಂಠ ಅವಳದು.

'ಪೇಣಕರ, ಇನ್ನೆಷ್ಟೊತ್ತಪಾ?' ಅಂದರು ಪಾಸ್ಟರು.

'ನನ್ನ ಕೈಯಾಗಿಲ್ರಿ ಪಾದ್ರಿ ಸಾಹೇಬ್ರ. ಮ್ಯಾಲಿನವ್ರನ್ನ ಕೇಳ್ರಿ.'

'ಮ್ಯಾಲಿನವ್ರನ್ನ ಕೇಳೂದು ನನ್ನ ಕೆಲಸ, ಖರೇ. ಆದರ ಅವ್ರೂ ನಿಮ್ಮ ಕಡೇನ ಇದ್ದಂಗ ಕಾಣತಾರಲ್ಲ.'

ಎಲ್ಲರೂ ಅಂಗಳದಲ್ಲಿ ಕತ್ತೆತ್ತಿ ಕೂತರು. ಕಿಟಕಿಯ ಕಟ್ಟೆಯ ಮೇಲೆ ಹಸಿರು ಬಟ್ಟೆಯ ಕೆಳಗಿದ್ದ ನನಗೆ ಮಾತು ಮಾತ್ರ ಕೇಳುತ್ತಿತ್ತು. 'ಒಂದು, ಊರ ಮ್ಯಾಲ!' ಅಂತ ಮೇಳದ ಮಕ್ಕಳು ಕೂಗಿದವು. ಸ್ವಲ್ಪ ಹೊತ್ತಿಗೆ, 'ಎರಡನೇದು ಕೇರಿ ಮ್ಯಾಲ!' ಮೂರನೆಯದು ಬರಲೊಲ್ಲದು. ಲೋಕೋ ಶೆಡ್ಡಿನಿಂದ ಹೊಗೆ ಎದ್ದು ಪಡುವಣ ದಿಕ್ಕನ್ನೆಲ್ಲ ಮುಚ್ಚಿತ್ತು. 'ನಾವ ಕಲ್ಲಿದ್ದಲು ತುಂಬಿದ ಎಂಜಿನ್ ಅದು' ಅಂದ ದೇವಪುತ್ರ. 'ನಮ್ಮ ಹೊಗಿಯಿಂದ ನಮ್ಮ ಚುಕ್ಕೀನ ಕಾಣವಲ್ದು ನೋಡ್ರಿ.'

ಕಾಯುತ್ತ ಕಾಯುತ್ತ ಹಾಯಮ್ ತನ್ನ ತಾಯಿಯ ಧಾಟಿಯನ್ನು ಬಾಯಲ್ಲೇ ಗುನುಗಿದ. ಜೀವರತ್ನ ಕಿವಿಗೊಟ್ಟು ಕೇಳಿ, ಮಕ್ಕಳು ಕೂಗಿದ್ದ ಮಾತನ್ನೇ ಆ ಧಾಟಿಗೆ ಹಾಕಿ ಆಟಕ್ಕೆ ಹಾಡಿದಳು.

*ಒಂದು ಚುಕ್ಕಿ ಊರ ಮ್ಯಾಲ,*
*ಎರಡನೇದು ಕೇರಿ ಮ್ಯಾಲ...*

ಅಲ್ಲಿಗೆ ಹಾಯಮನ ಗುನುಗು ನಿಂತಿತು. ಎಂದಿನಂತೆ ನಿಂತಿತು. 'ಯಾಕ ಕಾಕಾ, ಮುಂದಿಂದು?' ಅಂದಳು ಜೀವರತ್ನ.

'ಮುಂದಿಂದು ನಾ ಹೇಳೂ ಹಂಗಿಲ್ಲವಾ. ಅದು ಮಕ್ಕಳು ಹೇಳೂದು.' ಅಷ್ಟೆಂದು ಅವಳ ಕಿವಿಯಲ್ಲಿ ಮೂರನೆಯ ಸಾಲಿನ ಧಾಟಿ ಗುನುಗಿದ. ಅವಳು ಮಾತು ಕಟ್ಟಿದಳು, ಅಂಗಳದ ಮಕ್ಕಳೆಲ್ಲ ಎತ್ತಿಕೊಂಡರು.

*ಮೂರನೇದು ಮೂಡೋತನಕ*
*ಬಾಗಿಲ ಹಾಕಬ್ಯಾಡ, ಅವ್ವಾ, ಬಾಗಿಲ ಹಾಕಬ್ಯಾಡ.*

ಹೊಗೆ ಸರಿಯಿತೋ, ಚುಕ್ಕಿಯೇ ಮೇಲೆ ಬಂತೋ, ಮಕ್ಕಳು 'ಮೂರು' ಅಂತ ಚೀರಿದವು. ಹಾಯಮ್ ಬಟ್ಟೆ ಎಳೆದ.  ಆ ಸಂಜೆ ನಾನು ಎರಡು ಸಾಲು ನುಡಿದು, ಒಂದು ಸ್ವರ ಹಿಡಿದು ಕಾದೆ, ಮತ್ತು ಮೊದಲ ಸಲ ನನಗೆ ಉತ್ತರ ಬಂತು. ಅಡಿಗೆಮನೆಯಲ್ಲಿ ಕೊಡ ಸರಿದ ಸದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ, ನನಗೊಂದಕ್ಕೇ ಕೇಳಿತು.

ಆ ರಾತ್ರಿ ಸೆಗುಲಾಬಾಯಿ ಊಟಕ್ಕೆ ಬಡಿಸುತ್ತ ಅಂದಳು. ಅವರು ಮನೆಯಲ್ಲಿ ಆಡುವುದು ಮರಾಠಿ, ನಾನು ನಮ್ಮೂರ ಕನ್ನಡದಲ್ಲೇ ಹೇಳುತ್ತೇನೆ. 'ಅತ್ತಿ ಹಾಡನ್ನ ಊರ ಪಾಲು ಮಾಡಿ ಬಂದ್ರಿ. ಅದೂ ಇನ್ನೊಬ್ಬರ ಹಬ್ಬಕ್ಕ.'

'ಮನ್ಯಾಗ ಇಟ್ಕೊಂಡಿದ್ರ ಯಾರ ಪಾಲಿಗೆ ಹೋಗ್ತಿತ್ತ, ಸೆಗುಲಾ?'

ಅವನು ಅದನ್ನು ಮೆತ್ತಗೇ ಕೇಳಿದ್ದ. ಆದರೆ ಮೆತ್ತಗಿನ ಮಾತು ಎಲ್ಲಿ ತಾಕಬಾರದೋ ಅಲ್ಲೇ ತಾಕಿತು. ಅವಳು ಮುಂದೆ ಆ ಹಾಡಿಗೆ ಕಿವಿ ಕೊಡಲಿಲ್ಲ. ಮೇಳ ನಮ್ಮ ಬಾಗಿಲಿಗೆ ಬಂದರೆ ತಟ್ಟೆಯಲ್ಲಿ ಕರಿದದ್ದು ಇಟ್ಟು, ಒಳಗೆ ಹೋಗಿ ಕದ ಮುಂದೆ ಮಾಡಿಕೊಳ್ಳುತ್ತಿದ್ದಳು.

ಮರುವರ್ಷ ಪಾಸ್ಟರರಿಗೆ ತಕರಾರು ಹುಟ್ಟಿತು. 'ಬೈಬಲ್ಲಿನ್ಯಾಗ ಇರೂದು ಒಂದ ಚುಕ್ಕಿ. ಉಳಿದ ಎರಡು ಎಲ್ಲಿಂದ ತಂದಿ ಪೇಣಕರ?'

'ರೈಲ್ವೆ ಸ್ಟೋರಿಂದ ಕದ್ದಿಲ್ರಿ. ನೀವ ಕುಂತು ಎಣಿಸೀರಿ.'

'ಮತ್ತ ಬಾಗಿಲಾ ತಗದ ಇಡ್ರಿ ಅಂತ ಹಾಡಿದ್ರ, ಕಳ್ಳರು ಬಂದ್ರ?'

'ನಮ್ಮನಿಗೆ ಕಳ್ಳ ಬಂದ್ರ ಪಾಪ ಅನಿಸಿ ಏನರ ಇಟ್ಟ ಹೋಗ್ತಾನ್ರಿ' ಅಂದ ದೇವಪುತ್ರ. ಪಾಸ್ಟರರಿಗೂ ನಗು ತಡೆಯಲಿಲ್ಲ. ಕೊನೆಗೆ ತೀರ್ಮಾನ ಹೀಗಾಯಿತು: ಚರ್ಚಿನ ಒಳಗೆ ಒಂದು ಚುಕ್ಕಿ, ಬೀದಿಯಲ್ಲಿ ಮೂರು. ಹಾಡು ಬೀದಿಯಲ್ಲೇ ಬೆಳೆಯಿತು. ಗಾರ್ಡುಗಳ ಬಾಯಲ್ಲಿ, ಫೈರ್‌ಮನ್ನುಗಳ ಬಾಯಲ್ಲಿ ಗದಗಕ್ಕೆ ಹೋಯಿತು, ಲೋಂಡಾಕ್ಕೆ ಹೋಯಿತು. ಓಣಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಆಕಾಶಬುಟ್ಟಿಯಂಥ ಕಾಗದದ ಚುಕ್ಕಿಬುಟ್ಟಿ ಒಂದರ ಬದಲು ಮೂರು ತೂಗತೊಡಗಿದವು. ಹಾಡುವವರು ಎರಡು ಸಾಲು ಮುಗಿಸಿ ನಿಂತು, ಕತ್ತೆತ್ತಿ ಆಕಾಶ ನೋಡಿ, ಆಮೇಲೆ ಮೂರನೆಯದಕ್ಕೆ ಹೋಗುವುದು ರೂಢಿಯಾಯಿತು. ಹೊಗೆಯ ಸಂಗತಿ ಹೊಸಬರಿಗೆ ಯಾರೂ ಹೇಳಲಿಲ್ಲ.

ಆಂಗ್ಲೋ ಇಂಡಿಯನ್ ಗಾರ್ಡ್ ಪರ್ಸಿ ಸಾಹೇಬರು ಒಮ್ಮೆ ನಮ್ಮ ಅಂಗಳಕ್ಕೆ ಬಂದು ಚಹಾ ಕುಡಿಯುತ್ತ ಅಂದರು, 'ಹಾಯಮ್, ರೈಲ್ವೆ ಇನ್ಸ್ಟಿಟ್ಯೂಟಿನ ಕ್ಲಬ್ಬಿನ್ಯಾಗ ಗ್ರಾಮೋಫೋನ್ ಹಚ್ಚತೀವಲ್ಲ, ಅಮೆರಿಕಾದ ಕ್ರಿಸ್ಮಸ್ ಹಾಡು, ಹಿಮ, ಗಂಟಿ, ಅಂಥವು? ಅವನ್ನ ಬರದವ್ರೊಳಗ ಭಾಳ ಮಂದಿ ನಿಮ್ಮ ಯಹೂದಿಗಳಂತ. ನಿಮಗ್ಯಾಕಪಾ ನಮ್ಮ ಹಬ್ಬದ ಉಸಾಬರಿ?'

ಹಾಯಮ್ ನಕ್ಕ. ನನ್ನ ಪಟ್ಟಿಗಳ ಮೇಲಿನ ಧೂಳನ್ನು ಬೆರಳಿಂದ ಒರೆಸುತ್ತ, 'ಅವ್ರದು ನನಗೆಂಗ ಗೊತ್ತಾಗಬೇಕ್ರಿ ಸಾಹೇಬ್ರ. ನನ್ನದು ಹೇಳ್ತೀನಿ' ಅಂದ. 'ಥಂಡ್ಯಾಗ ಹೊರಗ ನಿಂತಾವ್ಗ ದೀಪ ಹಚ್ಚಿದ ಕಿಡಕಿ ಚಂದ ಕಾಣತೈತಿ. ಒಳಗಿದ್ದಾವ್ಗ ಊಟದ ಚಿಂತಿ.'

ಪರ್ಸಿ ಸಾಹೇಬರು ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಎದ್ದರು. ಅವರ ಮಂದಿಯೂ ಆಗ ಒಂದೊಂದೇ ಮನೆಯಾಗಿ ದೇಶ ಬಿಟ್ಟು ಹಡಗು ಹತ್ತುತ್ತಿದ್ದರು.

ಹಾಯಮನ ಮಂದಿಯೂ ಹತ್ತಿದರು. ಅವರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಕೂಡಬೇಕು. ಹುಬ್ಬಳ್ಳಿಯಲ್ಲಿ ಆ ಹತ್ತು ಕೂಡುವುದು ಮೊದಲು ಕಷ್ಟವಾಯಿತು, ಆಮೇಲೆ ನಿಂತೇಹೋಯಿತು. ಸೆಗುಲಾಬಾಯಿಯ ಅಕ್ಕತಂಗಿಯರೆಲ್ಲ ಇಸ್ರೇಲಿಗೆ ಹೋದರು. ಹಾಯಮನಿಗೆ ನಿವೃತ್ತಿಯಾಗಿ ರೈಲ್ವೆ ಕ್ವಾರ್ಟರ್ಸು ಬಿಡುವ ಹೊತ್ತು ಬಂದಾಗ, 'ನಮ್ಮವ್ರೊಳಗ ಸಾಯೂಣು ನಡೀರಿ' ಅಂದಳು ಅವಳು. ಅವನು ಹೂಂ ಅಂದ. ಸಾಮಾನು ಕಟ್ಟುವಾಗ ಅವಳು ನನ್ನನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ತಾನೇ ಟ್ರಂಕಿನ ಪಕ್ಕ ಇಟ್ಟಳು. ಅವನು ಎತ್ತಿ ಬದಿಗಿಟ್ಟ.

'ಇದು ಬರೂದಿಲ್ಲ.'

'ಯಾಕ? ನಾ ಹೊತ್ಕೋತೀನಿ.'

'ಅಲ್ಲಿ ಇದಕ್ಕ ಯಾರು ಉತ್ತರ ಕೊಡ್ತಾರ? ಇಲ್ಲಿ ವರ್ಷಕ್ಕೊಮ್ಮೆಯಾದ್ರೂ ಕೊಡ್ತಾರ.'

ಅವಳು ಬಟ್ಟೆ ಬಿಚ್ಚಿ ಮಡಚಿದಳು. ಬಟ್ಟೆಯನ್ನು ಮಾತ್ರ ತನ್ನ ಟ್ರಂಕಿಗೆ ಹಾಕಿಕೊಂಡಳು. ಹಾಯಮ್ ನನ್ನನ್ನು ಜೀವರತ್ನಳ ಮನೆಗೆ ಹೊತ್ತು ತಂದು ಕಿಟಕಿಯ ಹತ್ತಿರ ಇಟ್ಟ. ಏನೂ ಬಾರಿಸಲಿಲ್ಲ. ಕರಿ ಪಟ್ಟಿಗಳ ಮೇಲೆ ಒಮ್ಮೆ ಕೈ ಆಡಿಸಿ ಹೋದ. ಅವನ ಬೆರಳು ತಾಕಿ ತಾಕಿ ಆ ಐದು ಪಟ್ಟಿಗಳ ಮೇಲೆ ಸಣ್ಣ ಕುಳಿ ಬಿದ್ದಿದ್ದವು. ಆ ಕುಳಿಗಳು ಇವತ್ತಿಗೂ ಇವೆ.

ಜೀವರತ್ನಳ ಮನೆಯಲ್ಲಿ ಮೊದಲ ಶನಿವಾರ. ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದವಳು ಬಾರಿಸಲೆಂದು ನನ್ನ ಮುಚ್ಚಳ ತೆಗೆದಳು. ಒಂದು ಗಳಿಗೆ ಕೂತು, 'ಬ್ಯಾಡ. ಚುಕ್ಕಿ ಬರ್ಲಿ' ಅಂತ ಮತ್ತೆ ಮುಚ್ಚಿದಳು. ಅವಳು ಯಹೂದಿಯಲ್ಲ, ಶನಿವಾರ ಅವಳಿಗೆ ಬರೀ ವಾರ. ಆದರೂ ನನ್ನ ಶನಿವಾರವನ್ನು ಅವಳು ಕೊನೆಯವರೆಗೂ ಕಾಯ್ದಳು.

ವರ್ಷ ಉರುಳಿದವು. ಪಾಸ್ಟರ್ ಹಾದಿಮನಿ ಹೋದರು, ದೇವಪುತ್ರ ಹೋದ. ಹೊಗೆಯ ಎಂಜಿನ್ನುಗಳೂ ಹೋದವು. ಮೇಳದ ಹುಡುಗರು ಬ್ಯಾಟರಿಯ ಕೀಬೋರ್ಡು ತಂದರು. ನನ್ನ ತಿದಿಯನ್ನು ಇಲಿ ಕಡಿಯಿತು, ಬಿಳಿ ಪಟ್ಟಿಗಳಲ್ಲಿ ಅರ್ಧಕ್ಕರ್ಧ ಮೂಕವಾದವು. ನಿವೃತ್ತಳಾದ ಜೀವರತ್ನ ನನ್ನನ್ನು ವರಾಂಡದ ಮೂಲೆಯ ಸ್ಟೂಲಿನ ಮೇಲಿಟ್ಟಳು. ಗುಜರಿಯವನು ಕೇಳಿದಾಗಲೆಲ್ಲ, 'ಇದರಾಗ ಇನ್ನೂ ಸಾಮಾನು ಐತಿ' ಅಂದು ಕಳಿಸುತ್ತಿದ್ದಳು. ನನ್ನ ಉಳಿದ ಆಸೆ ಒಂದೇ. ಯಾರಾದರೂ ಬಂದು ಹಾಯಮನ ಸುದ್ದಿ ಹೇಳಲಿ ಅಂತ.

ಒಂದು ಡಿಸೆಂಬರಿನ ಶನಿವಾರ ಮಧ್ಯಾಹ್ನ ಗೇಟು ಕಿರುಗುಟ್ಟಿತು. ಕೋಲೂರಿದ ಮುದುಕಿಯೊಬ್ಬಳು ನಡೆದು ಬಂದಳು. ದನಿ ಕೇಳಿದ್ದೇ ನನ್ನ ಸತ್ತ ನಾಲಿಗೆಗಳಿಗೂ ಜೀವ ಬಂದಂತಾಯಿತು.

'ಜೀವಾ ಅಂದ್ರ ನೀನ ಏನವಾ? ತಲಿ ಬೆಳ್ಳಗ ಮಾಡ್ಕೊಂಡೀಯಲ್ಲ.'

'ಸೆಗುಲಾ ಕಾಕು!' ಅಂದಳು ಜೀವರತ್ನ. 'ನಿಮ್ಮದೇನ ಕರ್ರಗ ಉಳದೈತಿ?'

ಇಬ್ಬರೂ ಕೈ ಹಿಡಿದುಕೊಂಡು ವರಾಂಡದಲ್ಲಿ ಕೂತರು. ಹಾಯಮ್ ತೀರಿಕೊಂಡಿದ್ದ. ಅದನ್ನು ಅವಳು ಚಹಾ ಆರಿದ ಮೇಲೆ ಹೇಳಿದಳು. ಕೊನೆಗೆ ಅವನಿಗೆ ಮರೆವು ಬಂದಿತ್ತಂತೆ. ಹೆಸರು ಮರೆತ, ಮನೆಯ ಬಾಗಿಲು ಮರೆತ. ಆ ಧಾಟಿ ಮಾತ್ರ ಬಿಡಲಿಲ್ಲ.

'ದಿನಾ ಸಂಜೀಕ ಎರಡು ಸಾಲು ಹಾಡ್ತಿದ್ರು. ಹಾಡಿ ನನ್ನ ಮುಖ ನೋಡ್ತಿದ್ರು. ಮುಂದಿಂದು ಮರತಾರ ಅಂದ್ರು ಡಾಕ್ಟರ. ನಾನೂ ಹಂಗ ತಿಳಕೊಂಡೆ. ನೆಪ್ಪು ಮಾಡಿ ಕೊಡಬೇಕಂದ್ರ ನನಗೂ ಬರ್ತಿದ್ದಿಲ್ಲ. ಇಲ್ಲಿ ಹಾಡೂವಾಗೆಲ್ಲ ನಾ ಒಳಗ ಹೋಗಿಬಿಡ್ತಿದ್ನಲ್ಲವಾ. ಆ ಮುಂದಿನ ಸಾಲು ಕೇಳಾಕಂತನ ಬಂದೀನಿ. ಗೋರಿ ಮುಂದ ಹೇಳಬೇಕು.'

 ಜೀವರತ್ನ ಅವಳ ಕೈ ಸವರುತ್ತ ಅಂದಳು, 'ಕಾಕು, ಕಾಕಾ ಮರ್ತಿದ್ದಿಲ್ಲ. ಅವರದು ಎರಡ ಸಾಲು. ಅಲ್ಲಿ ನಿಂದ್ರಬೇಕು. ಮೂರನೇದು ಮನಿಯವ್ರು ಹೇಳೂದು.'

ಅಂಗಳದಲ್ಲಿ ಬಿಸಿಲು ಇಳಿಯುತ್ತಿತ್ತು. ಸೆಗುಲಾಬಾಯಿ ನನ್ನ ಕಡೆ ನೋಡಿದಳು. ಎದ್ದು ಬಂದು ನನ್ನ ಮುಚ್ಚಳದ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. 'ಕಾಯ್ತಿದ್ರೇನು ಹಂಗಾರ' ಅಂದಳು. 'ನನಗ ಕಾಯ್ತಿದ್ರು.' ಚೀಲದಿಂದ ಒಂದು ಬಟ್ಟೆ ತೆಗೆದು ನನ್ನ ಮೇಲೆ ಹೊದಿಸಿದಳು. ಬಣ್ಣ ಮಾಸಿತ್ತು, ಆದರೂ ಬಟ್ಟೆಯ ಕೆಳಗಿನ ಕತ್ತಲು ಅದೇ ಹಸಿರು ಕತ್ತಲು.

ಸಂಜೆ ಇಬ್ಬರೂ ಚುಕ್ಕಿ ಎಣಿಸುತ್ತ ಮೆಟ್ಟಿಲ ಮೇಲೆ ಕೂತರು. ಜೀವರತ್ನ ಮೂರನೇ ಸಾಲಿನ ಮಾತಷ್ಟನ್ನು ಅವಳ ಕಿವಿಯಲ್ಲಿ ಹೇಳಿದಳು. ಓಣಿಯಲ್ಲಿ ಕಾಗದದ ಚುಕ್ಕಿಬುಟ್ಟಿಗಳೂ ಹೊತ್ತಿಕೊಂಡವು, ಮನೆಗೆ ಮೂರರಂತೆ. ಅಷ್ಟರಲ್ಲಿ ಹಾಡಿನ ಮೇಳ ಗೇಟಿಗೆ ಬಂತು. 'ಯಾಕ್ರಪಾ ಮೂರು ಹಾಕೀರಿ?' ಅಂತ ಸೆಗುಲಾಬಾಯಿ ಕೇಳಿದಳು. 'ಬೈಬಲ್ಲಿನ್ಯಾಗ ಚುಕ್ಕಿ ನೋಡ್ಕೋತ ಮೂರು ಮಂದಿ ಜೋಯಿಸರು ಬಂದಿದ್ರಲ್ಲ ಅಜ್ಜಿ, ಒಬ್ಬೊಬ್ಬರಿಗೆ ಒಂದೊಂದು' ಅಂದಿತು ಒಂದು ಹುಡುಗಿ. ಜೀವರತ್ನ ತಿದ್ದಲು ಬಾಯಿ ತೆರೆದಳು. ಸೆಗುಲಾಬಾಯಿ ಅವಳ ಮೊಣಕಾಲು ಅದುಮಿದಳು. 'ಹೌದವ್ವಾ. ಪಾಪ, ಅವ್ರೂ ದೂರದಿಂದ ಬಂದಿದ್ರು.'

ಮೂರನೇ ಚುಕ್ಕಿ ಮೂಡಿತು. ಅವಳೇ ಬಟ್ಟೆ ತೆಗೆದಳು. ಜೀವರತ್ನ ತಿದಿಯ ತೂತಿಗೆ ಒದ್ದೆ ಬಟ್ಟೆ ಒತ್ತಿ ಹಿಡಿದು ಗಾಳಿ ಹಾಕಿದಳು, ಇನ್ನೊಂದು ಕೈಯ ಬೆರಳುಗಳನ್ನು ಆ ಐದು ಕುಳಿಗಳಲ್ಲಿ ಇಟ್ಟಳು. ದನಿ ಒಡೆದಿತ್ತು, ಆದರೂ ಎರಡು ಸಾಲು ನುಡಿದೆ. ಆಮೇಲೆ ಆ ಒಂದು ಸ್ವರ ಹಿಡಿದೆ. ಮೇಳದ ಹುಡುಗರು ರೂಢಿಯಂತೆ ಕತ್ತೆತ್ತಿದರು, ಹಾಡಲು ಬಾಯಿ ತೆರೆದರು. ಜೀವರತ್ನ ಕಣ್ಣಿನಲ್ಲೇ ಅವರನ್ನು ತಡೆದಳು.

ನಾನು ಸ್ವರ ಎಳೆದೆ. ಉಸಿರು ಸೋರುತ್ತಿತ್ತು. ಇನ್ನೇನು ತೀರಬೇಕು, ಅಷ್ಟರಲ್ಲಿ ಒಂದು ಮುದಿ ದನಿ, ಧಾಟಿ ಗೊತ್ತಿಲ್ಲದ ದನಿ, ಕತ್ತಲಲ್ಲಿ ದಾರಿ ತಡವುವಂತೆ ಶುರುವಾಯಿತು.

*ಮೂರನೇದು ಮೂಡೋತನಕ...*

ಒಳಗೆ ಜೀವರತ್ನಳ ತಮ್ಮನ ಹೆಂಡತಿ ಸೊಳ್ಳೆ ಬರುತ್ತವೆಂದು ಬಾಗಿಲು ಎಳೆಯಲು ಬಂದಳು. ಸೆಗುಲಾಬಾಯಿ ಹಾಡುತ್ತಲೇ ಕೈಯೆತ್ತಿ ಬೇಡವೆಂದಳು. ಬಾಗಿಲು ತೆರೆದೇ ಉಳಿಯಿತು.